ನೀಲವ್ವನ ಉಗುರು

ಮೈಯಲ್ಲಿ ರೋಗ ಹುಟ್ಟಿದ ಕೂಡಲೇ ಉಗುರನ್ನು ನೇರಳೆಗೆ ತಿರುಗಿಸುವ ಚಿನ್ನದ ನ್ಯಾನೋ ಕಣಗಳು ಈಗ ಎಲ್ಲರ ರಕ್ತದಲ್ಲೂ ಇದ್ದವು. ಅವನ್ನು ರೂಪಿಸಿದ ವಿಜ್ಞಾನಿ ಶಾಂಭವಿ ಧಾರವಾಡಕ್ಕೆ ಬಂದಾಗ, ಅವಳನ್ನು ಸಾಕಿದ ಚಿಕ್ಕಮ್ಮ ನೀಲವ್ವ ಚಹಾ ತಂದುಕೊಟ್ಟಳು. ಎಂದೂ ಬಣ್ಣ ಹಚ್ಚದವಳ ಉಗುರುಗಳೆಲ್ಲ ಕೆಂಪಗಿದ್ದವು.

“ಇದೇನ ಚಿಗವ್ವ?”

“ಹ್ವಾದ ತಿಂಗಳ ಒಂದ ಉಗುರು ಬ್ಯಾರೆ ಕಂಡತು. ನಿನ್ನ ಕಣ ಸುಳ್ಳು ಹೇಳಂಗಿಲ್ಲಲ್ಲ, ಅಂಜಿ ಮುಚ್ಚಿಬಿಟ್ಟೆ.”

ಲ್ಯಾಬಿನಲ್ಲಿ ಕಳೆದ ಅಷ್ಟು ವರ್ಷಗಳಲ್ಲಿ ಈ ಅಂಜಿಕೆಯ ಬಗ್ಗೆ ಶಾಂಭವಿ ಯೋಚಿಸಿಯೇ ಇರಲಿಲ್ಲ. ನೀಲವ್ವ ತೋರಿಸಿದ ಬೆರಳನ್ನು ಅವಳು ಬಣ್ಣ ತೆಗೆಯುವ ದ್ರವದಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಿದಳು. ಉಗುರು ತಿಳಿನೇರಳೆಯಾಗಿತ್ತು.

“ನೇರಳೆ ಇನ್ನೂ ತೆಳು ಐತಿ, ರೋಗ ಬೆಳದಿಲ್ಲ. ಗುಣ ಆಗ್ತೈತಿ. ದವಾಖಾನಿಗೆ ನಾನೂ ಬರ್ತೀನಿ.”

ನೀಲವ್ವ ಬಹಳ ಹೊತ್ತು ಉಗುರನ್ನೇ ನೋಡಿದಳು. ಆಮೇಲೆ ಇನ್ನೊಂದು ಕೈಯನ್ನೂ ಚಾಚಿ, “ಇದನ್ನೂ ಒರಸವ್ವಾ,” ಎಂದಳು.