ನಾಲ್ಕು ಫರಸಿ ದೂರ

ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಗಂಡನ ಎರಡು ಅಂಗಿಗಳನ್ನು ಹಿಂಡಿ, ಮೆಟ್ಟಿಲ ಪಕ್ಕದ ಹಗ್ಗಕ್ಕೆ ಹಾಕಿ ಬರೋಣವೆಂದು ವಿನೋದಿನಿ ಹೊರಗೆ ಕಾಲಿಟ್ಟಳು. ಗಾಳಿ ಬೀಸಿತು. ಬೆನ್ನ ಹಿಂದೆ ಬಾಗಿಲು ಬಡಿದುಕೊಂಡು ಲ್ಯಾಚ್ ಬಿತ್ತು. ಕೀಲಿಕೈ ಒಳಗೆ ಮೊಳೆಯ ಮೇಲಿತ್ತು. ಆಗ ತಾನೇ ಬಾಟಲಿಯಿಂದ ಸುರಿದ ಹಾಲು ಪಂಪ್ ಸ್ಟೋವಿನ ಮೇಲಿತ್ತು. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲವೆಂದು ಸ್ಟೋವಿನ ಮೇಲೆ ಕಟ್ಟಿದ ಹಗ್ಗದಲ್ಲಿ ಅವಳ ಸೀರೆ ನೇತಾಡುತ್ತಿತ್ತು. ಒಳಗೆ ನಾಲ್ಕು ವರ್ಷದ ನೀಲಾ ಒಬ್ಬಳೇ.

“ನೀಲೂ, ಸ್ಟೋವಿನ ಹಂತೇಕ ಹೋಗಬ್ಯಾಡವ್ವಾ! ಇಲ್ಲೇ ಬಾಗಲದಾಗ ನಿಂದರು!”

“ಅವ್ವಾ, ಲ್ಯಾಚ್ ಎಟಕವಲ್ದು.”

ಎದುರು ಮನೆಯ ಕಸ್ತೂರಿಬಾಯಿ ಹಣೆಗೆ ವಿಭೂತಿ ಹಚ್ಚುತ್ತಲೇ ಹೊರಗೆ ಬಂದರು. ಮೂರನೇ ಮಾಳಿಗೆಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಅವರಿಗೆ ಗೊತ್ತಾಗುತ್ತಿತ್ತು. “ಗಾಬರಿ ಆಗಬ್ಯಾಡ ವಿನೂ. ನಮ್ಮವರು ಬಡಿಗ್ಯಾನ್ನ ಕರಕೊಂಡು ಬರ್ತಾರ,” ಎಂದು ಗಂಡನನ್ನು ಗ್ರಾಂಟ್ ರೋಡ್ ಸ್ಟೇಷನ್ನಿನ ಕಡೆ ಓಡಿಸಿದರು.

ಹಾಲು ಸೀದ ವಾಸನೆ ಬಂತು. ಅದರ ಹಿಂದೆಯೇ ಬೇರೆ ವಾಸನೆ.

“ಅವ್ವಾ, ನಿನ್ನ ಸೀರಿಗೆ ಹೊಗಿ ಬಂತು,” ಎಂದಳು ನೀಲಾ, ಒಳಗಿನಿಂದ.

ವಿನೋದಿನಿ ಮೆಟ್ಟಿಲ ತಿರುವಿನ ಕಿಟಕಿಗೆ ಓಡಿದಳು. ಅಲ್ಲಿಂದ ಬಿಲ್ಡಿಂಗಿನ ಬೆನ್ನು ಕಾಣುತ್ತಿತ್ತು. ಬೆನ್ನಿಗೆ ಸುತ್ತಿಕೊಂಡು ಏರಿದ ಕಬ್ಬಿಣದ ಮೆಟ್ಟಿಲು ಕಾಣುತ್ತಿತ್ತು. ಅದು ಸಂಡಾಸು ತೊಳೆಯಲು ಬರುವವರ ಮೆಟ್ಟಿಲು. ಕೆಳಗಿನ ಗಲ್ಲಿಯ ಗೇಟಿಗೆ ಬೀಗ. ಅದರ ಕೀಲಿಕೈ ದಿನಾ ತೊಳೆಯಲು ಬರುವ ಹನುಮವ್ವನ ಸೊಂಟದಲ್ಲಿ. ಐದು ವರ್ಷ ಈ ಮನೆಯಲ್ಲಿದ್ದರೂ ವಿನೋದಿನಿ ಆ ಮೆಟ್ಟಿಲ ಮೇಲೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ದಿನಾ ಬೆಳಿಗ್ಗೆ ಹನುಮವ್ವ ಹಿಂಬಾಗಿಲು ತಟ್ಟಿದಾಗ ಕೆಳಗಿನ ಚಿಲಕ ಸರಿಸುವುದು ನೀಲಾಳ ಕೆಲಸ. ಚಿಲಕ ಸರಿಸಿ ನಾಲ್ಕು ಫರಸಿಗಲ್ಲು ಹಿಂದಕ್ಕೆ ಬಂದು ನಿಲ್ಲಬೇಕು. ಬರಿಗಾಲಲ್ಲಿ ನೆಲದ ಫರಸಿ ಎಣಿಸುತ್ತ ಹಾಗೆ ಹಿಂದೆ ಸರಿಯಲು ಕಲಿಸಿದವಳು ವಿನೋದಿನಿಯೇ. “ಅವ್ವಾ, ಯಾಕ...” ಎಂದು ನೀಲಾ ಎರಡು ಮೂರು ಸಲ ಬಾಯಿ ತೆರೆದಿದ್ದಳು. “ಆಮ್ಯಾಲ ಹೇಳ್ತೀನಿ ಪುಟ್ಟಾ, ಕೈಯಾಗ ಕೆಲಸ ಐತಿ,” ಎಂದು ತಾಯಿ ಅವಳ ತಲೆ ಸವರಿದ್ದಳು.

ಹನುಮವ್ವ ಎರಡನೇ ಮಾಳಿಗೆಯ ಹಿಂಬಾಗಿಲಲ್ಲಿದ್ದಳು.

“ಹನುಮವ್ವಾ! ನೀಲಾ ಒಳಗ ಸಿಕ್ಕೊಂಡಾಳ! ಸೀರಿಗೆ ಬೆಂಕಿ ಹತ್ತೇತಿ!”

ಕಸಬರಿಗೆ ಕೆಳಗೆ ಬಿತ್ತು. ಕಬ್ಬಿಣ ದಡದಡ ಸದ್ದು ಮಾಡಿತು. ವಿನೋದಿನಿಯ ಮನೆಯ ಹಿಂಬಾಗಿಲಿಗೆ ಬಂದವಳು ಅಲ್ಲೇ ನಿಂತು ಕಿಟಕಿಯ ಕಡೆ ಮುಖ ತಿರುಗಿಸಿದಳು. “ಚಿಲಕ ತಗೀ ಅಂದ್ರ ಕೂಸು ತಗೀತೈತ್ರಿ. ಅಡಗಿಮನ್ಯಾಗ ಬರ್ಲೇನ್ರಿ, ಬಾಯಾರ?”

ಕಸ್ತೂರಿಬಾಯಿ ವಿನೋದಿನಿಯ ಮೊಣಕೈ ಹಿಡಿದರು. “ಶ್ರಾವಣ ಸೋಮವಾರ, ವಿನೂ. ದೇವರ ಜಗಲಿ ಅಡಗಿಮನ್ಯಾಗೇ ಐತಿ. ಬಡಿಗ್ಯಾ ಬಂದೇಬಿಟ್ಟ, ತಡಿ.”

ವಿನೋದಿನಿಯ ಬಾಯಿ ತೆರೆದಿತ್ತು. ಮಾತು ಹೊರಡಲಿಲ್ಲ. ಎಷ್ಟು ಹೊತ್ತು? ಒಂದು ಉಸಿರಿನಷ್ಟು. ಇಲ್ಲ, ಎರಡು. ಅಷ್ಟು ಹೊತ್ತೂ ಹನುಮವ್ವ ಮತ್ತೆ ಶುರುವಾದ ಮಳೆಯಲ್ಲಿ ಅಪ್ಪಣೆಗಾಗಿ ಕಾದು ನಿಂತಿದ್ದಳು. ಒಳಗೆ ನೀಲಾಳ ದನಿ ನಿಂತುಹೋಗಿತ್ತು.

“ಹೋಗು ಹನುಮವ್ವಾ! ಹೋಗು!”

“ನೀಲವ್ವಾ, ದಿನಾ ತಗೀತೀಯಲ್ಲ, ಹಂಗ ತಗೀ ನನ್ನವ್ವಾ...” ಎಂಬ ಕೂಗು ಕೇಳಿಸಿತು. ಆಮೇಲೆ ಪಾತ್ರೆ ಉರುಳಿದ ಸದ್ದು, ನೀರು ಎರಚಿದ ಸದ್ದು. ಭುಸುಗುಡುತ್ತಿದ್ದ ಸ್ಟೋವ್ ತಟ್ಟನೆ ಸುಮ್ಮನಾಯಿತು. ವಿನೋದಿನಿ ಬಾಗಿಲಿಗೆ ಓಡಿ ಬರುವಷ್ಟರಲ್ಲಿ ಲ್ಯಾಚ್ ತಿರುಗಿತು.

ಹನುಮವ್ವನ ಸೊಂಟದ ಮೇಲೆ ನೀಲಾ ಇದ್ದಳು. ಎರಡೂ ಕೈಯಿಂದ ಅವಳ ಕೊರಳು ತಬ್ಬಿಕೊಂಡಿದ್ದಳು. “ಕೂಸಿಗೆ ಏನೂ ಆಗಿಲ್ರಿ. ಹೆದರಿ ಮೂಲ್ಯಾಗ ಕುಂತಿತ್ತು. ನಿಮ್ಮ ಸೀರಿ, ಹಾಲು ಎರಡೂ ಹ್ವಾದೂ ನೋಡ್ರಿ,” ಎಂದು ಹನುಮವ್ವ ನಕ್ಕಳು. ಬಲಗೈಗೆ ಸೆರಗು ಸುತ್ತಿಕೊಂಡಿದ್ದಳು.

ಮಗುವನ್ನು ಕಿತ್ತುಕೊಂಡಂತೆ ಎತ್ತಿಕೊಂಡು ವಿನೋದಿನಿ ಅದರ ಕಾಲು, ಕೈ, ಕೂದಲು ಮುಟ್ಟಿ ಮುಟ್ಟಿ ನೋಡಿದಳು. ಬಡಿಗ ಇನ್ನೂ ಬಂದಿರಲಿಲ್ಲ.

ಮುಂಬಾಗಿಲ ಮೆಟ್ಟಿಲು ಹನುಮವ್ವನಿಗೆ ಎರಡೇ ಹೆಜ್ಜೆ ದೂರದಲ್ಲಿತ್ತು. ಅವಳು ಮೆಟ್ಟಿಲನ್ನು ನೋಡಿದಳು, ನಿರಿಗೆ ಎತ್ತಿ ಹಿಡಿದು ಗೋಡೆಗೆ ಅಂಟಿ ನಿಂತ ಕಸ್ತೂರಿಬಾಯಿಯನ್ನು ನೋಡಿದಳು. ತಿರುಗಿ, ತುದಿಗಾಲಲ್ಲಿ ಅಡಿಗೆಮನೆ ದಾಟಿ ಬಂದ ದಾರಿಯಿಂದಲೇ ಇಳಿದುಹೋದಳು. “ನಿಲ್ಲು, ಕೈಗೆ ಎಣ್ಣಿ ಹಚ್ತೀನಿ,” ಎಂದಳು ವಿನೋದಿನಿ. ಅದು ಹನುಮವ್ವನಿಗೆ ಕೇಳಿಸುವಷ್ಟು ಜೋರಾಗಿರಲಿಲ್ಲ. ಅದು ವಿನೋದಿನಿಗೂ ಗೊತ್ತಿತ್ತು.

ಕಸ್ತೂರಿಬಾಯಿ ತಮ್ಮ ಮನೆಯಿಂದಲೇ ಒಂದು ಬಕೆಟ್ ನೀರು ತಂದಿಟ್ಟರು. “ಆಕಿ ಕಾಲಿಟ್ಟಲ್ಲೆಲ್ಲಾ ತೊಳಕೋ. ಆಮ್ಯಾಲ ಪೂಜಿ ಮಾಡು. ನಾ ಯಾರ ಮುಂದೂ ಅನ್ನೂದಿಲ್ಲ,” ಎಂದು ಪಿಸುಗುಟ್ಟಿ ಹೋದರು.

ನೀಲಾಳನ್ನು ಕೆಳಗಿಳಿಸಿ ವಿನೋದಿನಿ ಬಕೆಟ್ ಎತ್ತಿಕೊಂಡಳು. ಹಿಂಬಾಗಿಲಿನಿಂದ ಮುಂಬಾಗಿಲವರೆಗೆ ಫರಸಿಯ ಮೇಲೆ ಒದ್ದೆ ಹೆಜ್ಜೆಗಳು, ಅಗಲವಾದವು, ಅವಸರದವು. ಮೊದಲ ಹೆಜ್ಜೆಯ ಮೇಲೆ ಅವಳು ನೀರು ಸುರಿದಳು.

ನೀಲಾ ನೋಡುತ್ತಿದ್ದಳು. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುತ್ತ ತಾಯಿಯಿಂದ ಹಿಂದಕ್ಕೆ ಸರಿದು ನಿಂತಳು.

“ಅವ್ವಾ, ಹನುಮವ್ವ ನನ್ನ ಎತ್ಕೊಂಡಿದ್ಲಲ್ಲ... ನನ್ನೂ ತೊಳೀತೀಯೇನು?”