ತಗಡಿನ ನೆಲ

"ಲಾರಿಯ ನೆಲ ಗಟ್ಟಿಯಾಯ್ತಾ ದೇರಪ್ಪ? ಇಲ್ಲಾಂದ್ರೆ ಇವತ್ತೇ ಗುಜರಿಗೆ ಹಾಕ್ತೇನೆ," ಎಂದು ಸಾಹುಕಾರರು ಆಳುಗಳನ್ನು ತೋಟಕ್ಕೆ ಒಯ್ಯುವ, ಯುದ್ಧಕಾಲದ ಆ ಮಿಲಿಟರಿ ಲಾರಿಯ ಬಾಗಿಲಿಗೆ ಬೆತ್ತದಿಂದ ತಟ್ಟಿದರು. ಲಾರಿ ಹೋದರೆ ಡ್ರೈವರ್ ಕೆಲಸ ಹೋಗುತ್ತದೆ, ಎಸ್ಟೇಟಿನವರು ಕೊಟ್ಟ ಮನೆಯೂ ಹೋಗುತ್ತದೆ. "ಕಲ್ಲಿನ ಹಾಗೆ ಉಂಟು ಸಾವ್ಕಾರ್ರೆ," ಎಂದುಬಿಟ್ಟ ದೇರಪ್ಪ.

ಕ್ಯಾಬಿನ್ನಿನ ನೆಲ ತುಕ್ಕು ಹಿಡಿದು ಜರಡಿಯಾಗಿತ್ತು. ಹೊಸ ತಗಡು ತಂದರೂ ಅದನ್ನು ಬೆಸೆಯಲು ಆಧಾರವೇ ಇರಲಿಲ್ಲ. ಬಾಗಿಲ ಕೆಳಗಿನ ಕಬ್ಬಿಣದ ಪಟ್ಟಿ ಬೆರಳಿಟ್ಟಲ್ಲೆಲ್ಲ ಪುಡಿಯಾಗುತ್ತಿತ್ತು. ಕೊನೆಗೆ ಅವನು ತಗಡನ್ನು ಸುಮ್ಮನೆ ಮೇಲಿಟ್ಟು, ಅಂಚು ಕಾಣದಂತೆ ದಪ್ಪಗೆ ಟಾರು ಬಳಿದಿದ್ದ.

ಬುತ್ತಿ ತಂದಿದ್ದ ಹೆಂಡತಿ ಯಮುನ, "ಹಂಗಾರೆ ನಾನೇ ಮೊದ್ಲು ಕೂರುದು," ಎಂದು ನಗುತ್ತ, ಮಗುವನ್ನು ಸೊಂಟಕ್ಕೇರಿಸಿಕೊಂಡು ಲಾರಿಯ ಮೆಟ್ಟಿಲ ಮೇಲೆ ಕಾಲಿಟ್ಟಳು. ಸಾಹುಕಾರರೂ ನಕ್ಕರು: "ಕೂರಿಸ್ಕೊಂಡು ಒಂದು ರೌಂಡ್ ಹೋಗಿ ಬಾ." ಅವಳ ಇನ್ನೊಂದು ಪಾದ ಟಾರು ಬಳಿದ ನೆಲದತ್ತ ಎದ್ದಿತು.

"ಇಳಿ!" ದೇರಪ್ಪ ಅವಳ ರಟ್ಟೆ ಹಿಡಿದು ಎಳೆದ. ಮಗು ಬೆಚ್ಚಿ ಅತ್ತಿತು. "ಎಂಥದೋ ಅದು?" ಎಂದರು ಸಾಹುಕಾರರು. ಅವನು ಬಾಗಿಲು ಹಿಡಿದುಕೊಂಡು ತಗಡನ್ನು ಹಿಮ್ಮಡಿಯಿಂದ ತುಳಿದ. ಅದು ಕಳಚಿ ಕೆಳಗಿನ ಮಣ್ಣಿಗೆ ಬಿತ್ತು. ಆ ತೂತನ್ನೇ ನೋಡುತ್ತ ಯಮುನ ಮೆಲ್ಲನೆ ಕೇಳಿದಳು: "ನಾಳೆ ಕಾಫಿ ಪಿಕಿಂಗಿಗೆ ಹೋಗುವಾಗ ಪಕ್ಕದ್ಮನೆ ಪೊನ್ನಮ್ಮಕ್ಕ ಇಲ್ಲೇ ಅಲ್ವಾ ಕೂರುದು?"