ಎರಡು ರೆಕಾರ್ಡ್, ಒಂದೇ ಕೈಬರಹ

ವಿದ್ಯಾರ್ಥಿಗಳ ಹದಿನೇಳನೇ ಲ್ಯಾಬ್ ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕುತ್ತಿದ್ದ ಶಶಿಕಲಾ ಮೇಡಂ ಪೆನ್ನು ತಡೆದರು...

ಈ ದುಂಡು ಅಕ್ಷರವನ್ನು ಈಗಷ್ಟೇ ಇನ್ನೊಂದು ಪುಸ್ತಕದಲ್ಲಿ ನೋಡಿದ್ದರಲ್ಲ!

ಹುಬ್ಬಳ್ಳಿಯ ಒಂದು ಎಂಜಿನಿಯರಿಂಗ್ ಕಾಲೇಜು. ಅದರ ಕಂಪ್ಯೂಟರ್ ಲ್ಯಾಬಿಗೆ ಇಪ್ಪತ್ತು ವರ್ಷದಿಂದ ಅವರದೇ ಉಸ್ತುವಾರಿ.

ಬೆಳಿಗ್ಗೆ ವಿಭಾಗದ ಮುಖ್ಯಸ್ಥ ಅಂಗಡಿ ಸರ್ ಕಳೆದ ಸೆಮಿಸ್ಟರ್‌ನ ಫಲಿತಾಂಶದ ಹಾಳೆ ಕೊಟ್ಟು ನಕ್ಕಿದ್ದರು.

"ನೋಡ್ರೀ ಮೇಡಂ, ಥಿಯರಿ ಒಳಗ ಹುಡುಗ್ಯಾರು ಮುಂದ, ಪ್ರಾಕ್ಟಿಕಲ್ ಬಂತಂದ್ರ ಹಿಂದ! ಹೆಣ್ಮಕ್ಕಳ ಕೈಗೆ ಮಷೀನ್ ಒಗ್ಗೂದಿಲ್ಲ ಅಂತ ರಿಪೋರ್ಟಿನ್ಯಾಗ ಬರದ್ಬಿಡ್ರಿ."

ಮೇಡಂ ಹಾಳೆಯನ್ನು ಮಡಚಿ ಡ್ರಾಯರ್‌ಗೆ ಹಾಕಿದ್ದರು...

ಈಗ ನೋಡಿದರೆ ಒಂದು ಪುಸ್ತಕ ಸಂಜೀವನದು, ಇನ್ನೊಂದು ಮುಕ್ತಾಳದು. ಮೇಡಂ ಮುಕ್ತಾಳನ್ನು ಕರೆದರು. ಮೊದಲ ವರ್ಷ. ಥಿಯರಿಯಲ್ಲಿ ಕ್ಲಾಸಿಗೇ ಫಸ್ಟ್, ಪ್ರಾಕ್ಟಿಕಲ್‌ನಲ್ಲಿ ಫೇಲ್.

"ಸಂಜೀವನ ರೆಕಾರ್ಡೂ ನೀನ ಬರದೀಯೇನವಾ?"

"ಹೂನ್ರೀ ಮೇಡಂ... ಒಂದ್ ಮಷೀನಿಗೆ ಇಬ್ಬರಲ್ರೀ. ಅಂವ ಟೈಪ್ ಮಾಡ್ತಾನ, ನಾ ಬರೀತೀನಿ. ಅವನ ಅಕ್ಷರ ಕೋಳಿ ಕೆದರಿದಂಗ ಅದಾವ್ರೀ!"

"ಪ್ರೋಗ್ರಾಮ್ ಯಾರು ಯೋಚನಾ ಮಾಡ್ತಿದ್ರು?"

"ನಾನ ಹೇಳ್ತಿದ್ದೆ. ಅಂವ ಟೈಪ್ ಹೊಡೀತಿದ್ದ."

"ನೀ ಯಾವಾಗ ಹೊಡೀತಿದ್ದಿ?"

ಹುಡುಗಿಯ ನಗು ಆರಿತು...

"ಮನ್ಯಾಗ ಕಂಪ್ಯೂಟರ್ ಇಲ್ರೀ. ರಟ್ಟಿನ ಮ್ಯಾಲೆ ಕೀಬೋರ್ಡ್ ಬರಕೊಂಡು ಒತ್ತಿ ಒತ್ತಿ ಕಲ್ತೆ... ಆದ್ರ ರಟ್ಟಿನ ಮ್ಯಾಲೆ ಎರರ್ ಬರೂದಿಲ್ಲಲ್ರೀ ಮೇಡಂ. ಪರೀಕ್ಷಾದಾಗ ಮೊದಲ್ನೇ ಸಲ ಒಬ್ಬಾಕೀನ ಕೂತೆ. ಎರರ್ ಬಂತು... ಹೆಂಗ ತಿದ್ದಬೇಕಂತ ತಿಳೀಲಿಲ್ಲ."

ಕಣ್ಣೊರೆಸಿಕೊಂಡಳು.

"ಮುಂದಿನ ತಿಂಗಳು ಮತ್ತ ಪರೀಕ್ಷಾ ಐತ್ರೀ. ಈ ಸಲಾನೂ ಹೋತಂದ್ರ ಅಪ್ಪ ಕಾಲೇಜ್ ಬಿಡಿಸಿಬಿಡ್ತಾನ."

ಅವಳು ಹೋದ ಮೇಲೆ ಮೇಡಂ ಎರಡೂ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು.

ಇಪ್ಪತ್ತಾರು ವರ್ಷದ ಹಿಂದೆ, ಓದುವಾಗ, ತಾವೂ ಮುಕ್ತಾಳಂತೆಯೇ ಕೂತಿದ್ದರು... ಪಕ್ಕದ ಕುರ್ಚಿಯಲ್ಲಿ, ತೊಡೆಯ ಮೇಲೆ ರೆಕಾರ್ಡ್ ಇಟ್ಟುಕೊಂಡು.

ತಾನು ಯೋಚಿಸಿದ್ದು ಪರದೆಯ ಮೇಲೆ ಮೂಡುವಾಗ, ಆ ಎಂಟರ್ ಕೀಯನ್ನು ಒಮ್ಮೆ ತಾನೇ ಒತ್ತಬೇಕು ಎಂದು ಬೆರಳು ತುಡಿಯುತ್ತಿತ್ತು. ಟೈಪ್ ಮಾಡುತ್ತಿದ್ದ ಹುಡುಗನಿಗೆ "ಸ್ವಲ್ಪ ಸರಿದುಕೋ" ಎನ್ನುವ ಎರಡೇ ಮಾತು... ನಾಲಿಗೆಯ ತುದಿಯಲ್ಲೇ ಉಳಿದಿತ್ತು.

ಆ ಆಸೆ ಇವತ್ತಿಗೂ ಆರಿರಲಿಲ್ಲ.

ಆದರೆ ಈಗ ಅವರನ್ನು ಚುಚ್ಚಿದ್ದು ಅದಲ್ಲ...

ಪ್ರತಿ ವರ್ಷ ಲ್ಯಾಬಿನ ಜೋಡಿಗಳ ಪಟ್ಟಿ ಮಾಡುತ್ತಿದ್ದವರು ಅವರೇ! ಒಬ್ಬ ಹುಡುಗ, ಒಬ್ಬ ಹುಡುಗಿ. 'ಹಾಗಾದರೆ ರೆಕಾರ್ಡ್ ನೀಟಾಗಿ ಬರುತ್ತದೆ' ಎಂದು.

ಶಶಿಕಲಾ ಮೇಡಂ ಪಟ್ಟಿಯ ಫೈಲ್ ತೆರೆದರು. ಜೋಡಿಗಳನ್ನೆಲ್ಲ ಬಿಡಿಸಿದರು. ಒಂದು ಮಷೀನಿಗೆ ಒಂದೇ ಹೆಸರು.

ಅರ್ಧ ಕ್ಲಾಸಿಗೆ ಜಾಗ ಸಾಲದು. ಅವರಿಗಾಗಿ ಶನಿವಾರ ಮಧ್ಯಾಹ್ನ ಎಂದು ಹಾಕಿದರು... ವಾರದಲ್ಲಿ ಮೇಡಂಗೆ ತಮ್ಮದೆಂದು ಉಳಿದಿದ್ದ ಒಂದೇ ಬಿಡುವು ಅದು.

ಶನಿವಾರದ ಪಟ್ಟಿಯಲ್ಲಿ ಮೊದಲ ಹೆಸರು, ಮುಕ್ತಾ.

ಅಂಗಡಿ ಸರ್‌ಗೆ ಹೇಳಲಿಲ್ಲ. ಮನೆಯವರನ್ನೂ ಕೇಳಲಿಲ್ಲ. ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿ, ಬ್ಯಾಗ್ ಹೆಗಲಿಗೇರಿಸಿ ಬಸ್‌ಸ್ಟಾಪಿನ ಕಡೆ ನಡೆದರು...

ಅವಕಾಶವೇ ಸಿಗದವರನ್ನು ನಾವು ಎಷ್ಟು ಸುಲಭವಾಗಿ 'ಕೈಲಾಗದವರು' ಎಂದುಬಿಡುತ್ತೇವೆ!

ನೀವು ಸ್ವಲ್ಪ ಸರಿದು ಕೂತರೆ ಸಾಕು ಎಂದು ನಿಮ್ಮ ಪಕ್ಕದಲ್ಲೇ ಯಾರಾದರೂ ಕಾಯುತ್ತಿದ್ದಾರಾ... ಒಮ್ಮೆ ತಿರುಗಿ ನೋಡಿದ್ದೀರಾ?